ಉರಿಯ ಬುತ್ತಿ

ಬುತ್ತಿ ಕಟ್ಟುವ ವಿದ್ಯೆಯಲ್ಲಿ ನಮ್ಮ ಭೀಮಾತೀರದ ಜನ ಯಾರಿಗೂ ಕಡಮೆಯಾದವರಲ್ಲ. ಎರಡು ದಿನದ ಪಯಣಕ್ಕೆ ಮೆತ್ತನೆಯ ರೊಟ್ಟಿ, ಎಂಟು ದಿನದ ಪಯಣಕ್ಕೆ ಕಡಕ ರೊಟ್ಟಿ, ಅದರ ಜೊತೆಗೆ ಶೇಂಗಾ ಹಿಂಡಿಯ ಗಂಟು. ಎಷ್ಟು ಹೊಟ್ಟೆಗಳಿಗೆ ಎಷ್ಟು ದಿನಕ್ಕೆ ಎಷ್ಟು ಸೇರು ಜೋಳ ಬೀಸಬೇಕೆಂಬುದನ್ನು ಅತನೂರಿನ ಯಾವ ಮುದುಕಿಯಾದರೂ ಕಾಗದ ಪೆನ್ಸಿಲುಗಳ ಹಂಗಿಲ್ಲದೆ ಕ್ಷಣಾರ್ಧದಲ್ಲಿ ಹೇಳಿಬಿಡಬಲ್ಲಳು. ಆದರೆ ರೊಟ್ಟಿಯನ್ನಲ್ಲ, ರೊಟ್ಟಿ ಬೇಯಿಸುವ ಉರಿಯನ್ನೇ ಬುತ್ತಿಯಾಗಿ ಕಟ್ಟಿಕೊಂಡು ಹೊರಡಬೇಕಾದ ಪ್ರಸಂಗ ನಮಗೆ ಈಚಿನದು. ಆದಕಾರಣ ಆ ಲೆಕ್ಕದಲ್ಲಿ ಮುದುಕಿಯರೂ ತಪ್ಪುವರು, ತಿಳಿದವರೆನಿಸಿಕೊಂಡ ನಮ್ಮಂಥವರೂ ತಪ್ಪುವೆವು.

ಹಿಂದೆ ಎತ್ತಿನ ಬಂಡಿ ಹೂಡಿಕೊಂಡು ಗಾಣಗಾಪುರದ ದತ್ತನ ಸನ್ನಿಧಿಗೋ ಘತ್ತರಗಿಯ ಭಾಗ್ಯವಂತಿಯ ಜಾತ್ರೆಗೋ ಹೋಗುತ್ತಿದ್ದವರು ಬಂಡಿಯ ಹಿಂಬದಿಯಲ್ಲಿ ಒಂದು ಹೊರೆ ತೊಗರಿ ಕಟ್ಟಿಗೆಯನ್ನೂ ನಾಲ್ಕು ಬುಟ್ಟಿ ಕುಳ್ಳನ್ನೂ ಹೇರಿಕೊಳ್ಳುತ್ತಿದ್ದರು. ಸಾಲದೆ ಬಂದರೆ ದಾರಿಯ ಹೊಲದಲ್ಲಿ ಆಯ್ದುಕೊಳ್ಳುತ್ತಿದ್ದರು. ಮೂರು ಕಲ್ಲಿನ ಒಲೆಯಲ್ಲಿ ಆ ಉರಿಯ ಬಹುಭಾಗ ಗಾಳಿಯ ಪಾಲಾಗಿ ಹತ್ತನೆಯ ಒಂದು ಭಾಗವೋ ಸ್ವಲ್ಪ ಹೆಚ್ಚೋ ಪಾತ್ರೆಯನ್ನು ಮುಟ್ಟುತ್ತಿತ್ತೆಂಬುದು ನಿಜವಾದರೂ, ತೊಗರಿ ಬೆಳೆಯುವ ಸೀಮೆಯಲ್ಲಿ ತೊಗರಿ ಕಟ್ಟಿಗೆಗೆ ಬೆಲೆ ಕಟ್ಟುವವರಾರು? ಈಗ ಬಂಡಿಯ ಸ್ಥಾನಕ್ಕೆ ಟ್ರ್ಯಾಕ್ಟರಿನ ಟ್ರಾಲಿ ಬಂದಿದೆ. ಅದರ ಮೇಲೆ ಬಿದಿರ ಕಮಾನು ಕಟ್ಟಿ ತಾಡಪತ್ರಿ ಹೊದಿಸಿದರೆ ಅದೇ ಮನೆ, ಅದೇ ಉಗ್ರಾಣ, ಅದೇ ಅಡುಗೆಮನೆ. ಅಮೆರಿಕದವರು ಕಾರಿನ ಬೆನ್ನಿಗೆ ಸಿಕ್ಕಿಸಿಕೊಂಡು ಎಳೆದೊಯ್ಯುವ ಪಯಣದ ಮನೆಗೂ ನಮ್ಮ ಈ ಟ್ರಾಲಿಗೂ ಸೊಗಸಿನಲ್ಲಿ ಅಜಗಜಾಂತರವಿರಬಹುದು, ಒಡೆಯನಿಗೆ ಬರುವ ಚಿಂತೆ ಮಾತ್ರ ಒಂದೇ: ಎಷ್ಟು ದೊಡ್ಡ ಸಿಲಿಂಡರನ್ನು ಹೇರಿಕೊಳ್ಳಬೇಕು?

ಕಾರ್ತಿಕ ಏಕಾದಶಿಗೆ ಪಂಢರಪುರವನ್ನು ಮುಟ್ಟಬೇಕೆಂದು ಕಾಲ್ನಡಿಗೆಯಲ್ಲಿ ಹೊರಟಿದ್ದ ನಾಲ್ವತ್ತು ಮಂದಿಯ ದಿಂಡಿಯೊಂದರ ಸಂಗಡ ನಾನೂ ಒಮ್ಮೆ ಹೋಗಿದ್ದೆ. ಮುಂದೆ ತಾಳ ಮೃದಂಗ, ಹಿಂದೆ ಟ್ರಾಲಿ. ಐದನೆಯ ದಿನದ ಬೆಳಗಿನ ಜಾವ, ಭೀಮೆಯಾಚೆಯ ಒಂದು ಊರಿನ ಗುಡಿಯ ಬಯಲಿನಲ್ಲಿ, ಮೈ ನಡುಗಿಸುವ ಚಳಿಯಲ್ಲಿ ನಲವತ್ತು ಜನ ಚಹಕ್ಕಾಗಿ ಕಾದು ಕುಳಿತಿದ್ದಾಗ ಭಟ್ಟಿಯ ಉರಿ ಕುಗ್ಗುತ್ತ ಕುಗ್ಗುತ್ತ ಹಣತೆಯ ಕುಡಿಯಷ್ಟಾಯಿತು. ಅಡುಗೆಯಾತ ಸಿಲಿಂಡರನ್ನು ಎರಡು ಕೈಯಿಂದ ಹಿಡಿದು ಅಲುಗಿಸಿದ. ಒಳಗೆ ಗುಳುಗುಳು ಸಪ್ಪಳ ಸ್ಪಷ್ಟವಾಗಿಯೇ ಕೇಳಿಸಿತು.

"ಇನ್ನಾ ಗ್ಯಾಸ್ ಅದರೀ ಮಾವುಲಿ, ಖರೇ ಉರಿ ಬರವಲ್ದು" ಎಂದ.

ನಾನು ಬಗ್ಗಿ ನೋಡಿದೆ. ಸಿಲಿಂಡರಿನ ಮೇಲ್ಭಾಗ ಒಣಗಿತ್ತು. ಬುಡದಿಂದ ಗೇಣಿಗೆ ಸ್ವಲ್ಪ ಕಡಮೆ ಎತ್ತರದವರೆಗೆ ಮಾತ್ರ ಸುತ್ತಲೂ ಗೆರೆ ಹೊಡೆದಂತೆ ನೀರು ಬೆವರಿ, ಆ ಬೆವರು ಅಲ್ಲಲ್ಲಿ ಬಿಳಿಯ ಪುಡಿಯಾಗಿ ಗಟ್ಟಿಯಾಗಿತ್ತು. ಯಾರೋ ಅದನ್ನು ಸಾಬೂನಿನ ನೊರೆಯೆಂದು ಭ್ರಮಿಸಿ ಬೆರಳಿನಿಂದ ಕೆರೆದು, ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಕಲಬುರಗಿ ಸೀಮೆಯವರು ಹಿಮವನ್ನು ಕಣ್ಣಾರೆ ಕಂಡ ಅಪರೂಪದ ಗಳಿಗೆ ಅದು.

ಒಲೆಗೆ ಜೋಡಿಸಿದ ಸಿಲಿಂಡರು ಹಿಮಗಟ್ಟುವುದೇಕೆ? ನಾವೆಲ್ಲ ಸಿಲಿಂಡರೆಂಬುದನ್ನು ಹಗೇವಿನಂತೆ ಭಾವಿಸುತ್ತೇವೆ: ಒಳಗೆ ಗ್ಯಾಸು ತುಂಬಿದೆ, ತೂಬು ತೆರೆದರೆ ಹೊರಗೆ ಬರುತ್ತದೆ, ಬರಿದಾದರೆ ನಿಲ್ಲುತ್ತದೆ. ವಸ್ತುತಃ ಒಳಗಿರುವುದು ದ್ರವ. ಪ್ರೊಪೇನು, ಬ್ಯೂಟೇನು ಎಂಬ ಎರಡು ಹೈಡ್ರೋಕಾರ್ಬನ್ನುಗಳ ಮಿಶ್ರಣವನ್ನು ಒತ್ತಡದಿಂದ ದ್ರವವಾಗಿಸಿ ತುಂಬಿರುತ್ತಾರೆ. ದ್ರವವಾಗಿದ್ದಾಗ ಅದು ಹಿಡಿಯುವ ಸ್ಥಳ ಅನಿಲವಾಗಿದ್ದಾಗಿನ ಸ್ಥಳದ ಸುಮಾರು ಇನ್ನೂರೈವತ್ತನೆಯ ಒಂದು ಪಾಲು. 1910ರಲ್ಲಿ ಅಮೆರಿಕದ ವಾಲ್ಟರ್ ಸ್ನೆಲಿಂಗನೆಂಬ ರಸಾಯನಜ್ಞನು ಪೆಟ್ರೋಲಿನಿಂದ ಸುಮ್ಮನೆ ಆವಿಯಾಗಿ ಹೋಗುತ್ತಿದ್ದ ಭಾಗ ಯಾವುದೆಂದು ಪರೀಕ್ಷಿಸಹೊರಟು, ಈ ಅನಿಲಗಳನ್ನು ಬೇರ್ಪಡಿಸಿ ದ್ರವವಾಗಿಸಿ ಹೊತ್ತೊಯ್ಯಬಹುದೆಂದು ತೋರಿಸಿಕೊಟ್ಟದ್ದರಿಂದಲೇ ಉರಿಯ ಬುತ್ತಿ ಲೋಕಕ್ಕೆ ದೊರೆಯಿತು. ನಮ್ಮ ದೇಶದಲ್ಲಿ 1955ರಲ್ಲಿ ಮುಂಬಯಿಯ ಅಡುಗೆಮನೆಗಳನ್ನು ಹೊಕ್ಕ ಈ ಇಂಧನ, 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ತರುವಾಯ ಅತನೂರಿನಂಥ ಊರುಗಳ ಗುಡಿಸಲುಗಳನ್ನೂ ತಲುಪಿತು.

ಈ ದ್ರವ ಒಲೆಯಲ್ಲಿ ಉರಿಯಬೇಕಾದರೆ ಮೊದಲು ಸಿಲಿಂಡರಿನೊಳಗೇ ಕುದಿದು ಆವಿಯಾಗಬೇಕು. ಅಂದರೆ ಸಿಲಿಂಡರು ಹಗೇವಲ್ಲ. ಅದು ಒಲೆಯ ಮೇಲಿಟ್ಟ ಒಂದು ಎಸರಿನ ಪಾತ್ರೆ, ಮತ್ತು ಅದರ ಒಲೆ ಸುತ್ತಲಿನ ಗಾಳಿ. ನೀರಿಗೆ ನೂರು ಡಿಗ್ರಿ ಹೇಗೋ ಹಾಗೆ ಪ್ರೊಪೇನಿಗೆ ಸೊನ್ನೆಗಿಂತ 42 ಡಿಗ್ರಿ ಕೆಳಗೆ, ಬ್ಯೂಟೇನಿಗೆ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಕುದಿಯುವ ಬಿಂದು. ಆದ್ದರಿಂದಲೇ ನಮ್ಮ ಗಾಳಿಯ ಸಾಧಾರಣ ಬಿಸುಪೇ ಅವಕ್ಕೆ ಧಾರಾಳವಾದ ಬೆಂಕಿ. ಆದರೆ ಯಾವ ದ್ರವವೂ ಪುಕ್ಕಟೆಯಾಗಿ ಆವಿಯಾಗದು. 1760ರ ದಶಕದಲ್ಲಿ ಸ್ಕಾಟ್‌ಲೆಂಡಿನ ಜೋಸೆಫ್ ಬ್ಲ್ಯಾಕನು ಪ್ರಯೋಗಗಳಿಂದ ಸಿದ್ಧಪಡಿಸಿದ ಗುಪ್ತೋಷ್ಣದ ತತ್ತ್ವವನ್ನು ನಮ್ಮ ಮನೆಯ ಮಣ್ಣಿನ ಹರವಿ ಪ್ರತಿ ಬೇಸಗೆಯಲ್ಲಿಯೂ ಬೋಧಿಸುತ್ತಿರುತ್ತದೆ: ಹೊರಮೈಯಲ್ಲಿ ಒಸರಿದ ನೀರು ಆವಿಯಾಗುವಾಗ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಕಿತ್ತುಕೊಳ್ಳುವುದು, ಒಳಗಿನದು ತಣ್ಣಗಾಗುವುದು. ಒಂದು ಕಿಲೋ ಗ್ಯಾಸಿನ ದ್ರವ ಆವಿಯಾಗಲು ಸುಮಾರು 90 ಕಿಲೋಕ್ಯಾಲೊರಿ ಶಾಖ ಬೇಕು. ಅದೇ ಒಂದು ಕಿಲೋ ಉರಿದಾಗ ನಮಗೆ ಕೊಡುವುದು ಸುಮಾರು 11,000. ಹನ್ನೊಂದು ಸಾವಿರ ಕೊಡುವ ಸಾಹುಕಾರ ಮೊದಲು ತೊಂಬತ್ತು ರೂಪಾಯಿ ಕೈಗಡ ಕೇಳುತ್ತಾನೆ. ಅಲ್ಪವಾದ ಮೊತ್ತ, ನಿಜ. ಆದರೆ ಆ ಕೈಗಡ ಸಿಕ್ಕದಿದ್ದರೆ ಹನ್ನೊಂದು ಸಾವಿರವೂ ತಿಜೋರಿಯಲ್ಲಿಯೇ ಉಳಿಯುತ್ತದೆ. ಆ ಬೆಳಗ್ಗೆ ಗುಳುಗುಳು ಎನ್ನುತ್ತಿದ್ದದ್ದು ಇದೇ.

ಕೈಗಡ ಬರುವ ದಾರಿ ಯಾವುದೆಂದು ನೋಡೋಣ. ಗಾಳಿಯ ಶಾಖ ಉಕ್ಕಿನ ಗೋಡೆಯ ಮೂಲಕ ಒಳಗಿಳಿಯಬೇಕು. ಗೋಡೆಯಲ್ಲಿಯೂ ದ್ರವ ತಾಗಿಕೊಂಡಿರುವ ಭಾಗವೇ ಪ್ರಯೋಜನಕ್ಕೆ ಬರತಕ್ಕದ್ದು, ಮೇಲಿನ ಒಣಭಾಗದಿಂದ ಬಂದದ್ದು ಲೆಕ್ಕಕ್ಕಿಲ್ಲವೆನ್ನುವಷ್ಟು ಕಡಮೆ. ಅಡುಗೆಯವರೂ ಖಾನಾವಳಿಯವರೂ ಬಳಸುವ 19 ಕಿಲೋ ಸಿಲಿಂಡರು ತುಂಬಿದ್ದಾಗ ದ್ರವ ತಾಗಿದ ಗೋಡೆ ಹೆಚ್ಚುಕಡಮೆ ಅರ್ಧ ಚದರ ಮೀಟರು. ದ್ರವ ಸುತ್ತಲಿನ ಗಾಳಿಗಿಂತ 20 ಡಿಗ್ರಿ ತಣ್ಣಗಾಗಿದೆಯೆಂದು ಇಟ್ಟುಕೊಂಡರೆ, ನಿಶ್ಚಲವಾದ ಗಾಳಿಯಿಂದ ಅಷ್ಟು ಗೋಡೆಯ ಮೂಲಕ ಗಂಟೆಗೆ 80 ಕಿಲೋಕ್ಯಾಲೊರಿಯಷ್ಟು ಒಳಬರಬಹುದು. ಅದರಿಂದ ಗಂಟೆಗೆ ಒಂದು ಕಿಲೋಗೆ ತುಸು ಕಡಮೆ ಗ್ಯಾಸು ಹುಟ್ಟಬಹುದು. ಸಿಲಿಂಡರು ಮೂರನೆಯ ಒಂದು ಪಾಲಿಗೆ ಇಳಿದಾಗ ಒದ್ದೆ ಗೋಡೆಯೂ ಅರ್ಧಕ್ಕೆ ಇಳಿದಿರುತ್ತದೆ, ಉತ್ಪತ್ತಿಯೂ ಅರ್ಧ. ಮೊದಲ ದಿನಗಳಲ್ಲಿ ಈ ಕೊರತೆ ಕಾಣದಿರುವುದಕ್ಕೆ ಕಾರಣ, ಹತ್ತೊಂಬತ್ತು ಕಿಲೋ ದ್ರವ ತನ್ನ ಮೈಯ ಬಿಸುಪನ್ನೇ ಒತ್ತೆಯಿಟ್ಟು ಒಂದೆರಡು ಗಂಟೆ ಧಾರಾಳವಾಗಿ ನಡೆದುಕೊಳ್ಳುತ್ತದೆ, ಬಳಿಕ ಇಡೀ ಹಗಲು ಟ್ರಾಲಿಯಲ್ಲಿ ಬಿಸಿಲು ಕಾಯ್ದು ಸಾಲ ತೀರಿಸಿಕೊಳ್ಳುತ್ತದೆ; ಐದಾರು ಕಿಲೋ ಮಾತ್ರ ಉಳಿದಾಗ ಒತ್ತೆಯಿಡಲು ಅದರಲ್ಲಿ ಆಸ್ತಿಯೇ ಇರುವುದಿಲ್ಲ.

ಇದರ ಮೇಲೆ ಇನ್ನೊಂದು ಸೂಕ್ಷ್ಮವಿದೆ. ಮಿಶ್ರಣದಲ್ಲಿ ಪ್ರೊಪೇನು ಚುರುಕು, ಬ್ಯೂಟೇನು ನಿಧಾನಿ. ಚುರುಕಿನವನು ಮೊದಮೊದಲಿಗೇ ಹೆಚ್ಚು ಹೆಚ್ಚಾಗಿ ಹೊರಬಿದ್ದುಬಿಡುತ್ತಾನೆ. ತಳದಲ್ಲಿ ಉಳಿಯುವುದು ಬಹುಪಾಲು ಬ್ಯೂಟೇನು. ಗಾಳಿ 15 ಡಿಗ್ರಿಯಲ್ಲಿದ್ದು ದ್ರವ ಅದಕ್ಕಿಂತ 20 ಡಿಗ್ರಿ ಕೆಳಗೆ ಇಳಿದರೆ ಸೊನ್ನೆಯ ಕೆಳಗೆ ಐದು ಡಿಗ್ರಿಯಾಯಿತು. ಅಲ್ಲಿ ಬ್ಯೂಟೇನಿನ ಆವಿಗೆ ಹೊರಗಿನ ವಾಯುಭಾರವನ್ನು ನೂಕಿಕೊಂಡು ಬರುವ ಶಕ್ತಿಯೇ ಇಲ್ಲ. ಇಂಗ್ಲೆಂಡಿನಲ್ಲಿ ಪಯಣದ ಮನೆಗಳವರು ಬೇಸಗೆಗೆ ಬ್ಯೂಟೇನನ್ನೂ ಚಳಿಗಾಲಕ್ಕೆ ಪ್ರೊಪೇನನ್ನೂ ಬೇರೆ ಬೇರೆ ಬಣ್ಣದ ಸಿಲಿಂಡರುಗಳಲ್ಲಿ ಕೊಳ್ಳುವುದು ಇದೇ ಕಾರಣದಿಂದ. ನಮ್ಮ ಬಿಸಿಲು ನಾಡಿಗೆ ಬೆರಕೆಯೇ ಸಾಕೆಂದು ಬೆರಕೆಯನ್ನು ಕೊಡುತ್ತಾರೆ. ವರ್ಷದ ಬಹುಪಾಲು ದಿನ ಸಾಕೂ ಹೌದು.

ಅಂದು ಅಲ್ಲಿ ಸೇರಿದವರಲ್ಲಿ ಎರಡು ಸಲಹೆಗಳು ಕೂಡಲೇ ಹುಟ್ಟಿದವು: ಸಿಲಿಂಡರನ್ನು ಕುದಿಯುವ ನೀರಿನ ಬೋಗುಣಿಯಲ್ಲಿ ನಿಲ್ಲಿಸುವುದು ಒಂದು, ಅಡ್ಡ ಮಲಗಿಸುವುದು ಇನ್ನೊಂದು. ಎರಡನ್ನೂ ನಾನು ಬಲವಾಗಿ ತಡೆದೆ, ಅಷ್ಟೇನೂ ಜನಪ್ರಿಯನಾಗಲಿಲ್ಲ. ಮೊದಲನೆಯದರಲ್ಲಿ ತರ್ಕವಿಲ್ಲದಿಲ್ಲ, ಕೈಗಡವನ್ನೇ ಕೊಟ್ಟಂತಾಯಿತಲ್ಲ! ಆದರೆ ಕೊಡುವ ಪ್ರಮಾಣಕ್ಕೆ ಕಡಿವಾಣವಿಲ್ಲ, ಒಳಗಿನ ಒತ್ತಡ ಎಲ್ಲಿಗೆ ಏರಿತೆಂದು ತೋರಿಸುವ ಕಣ್ಣೂ ಇಲ್ಲ. ಎರಡನೆಯದು ಇನ್ನೂ ಕೆಟ್ಟದ್ದು: ಮಲಗಿದ ಸಿಲಿಂಡರಿನ ಬಾಯಿಗೆ ಆವಿಯ ಬದಲು ದ್ರವವೇ ಬಂದು ನಳಿಗೆಗೆ ಹೊಕ್ಕು, ಅಲ್ಲಿ ಇನ್ನೂರೈವತ್ತು ಪಟ್ಟು ಹಿಗ್ಗಿ, ಒಲೆಯ ಉರಿ ಒಮ್ಮೆಗೇ ಆಳೆತ್ತರಕ್ಕೆ ಹಾರಬಹುದು. ಕಡೆಗೆ ಊರವರೊಬ್ಬರು ಒಂದು ಹೊರೆ ಕಟ್ಟಿಗೆ ತಂದಿಕ್ಕಿದರು. ನಾವು ಬಿಟ್ಟುಬಂದೆವೆಂದುಕೊಂಡಿದ್ದ ಮೂರು ಕಲ್ಲಿನ ಒಲೆಯ ಮೇಲೆಯೇ ಚಹ ಕುದಿಯಿತು.

ಹಾಗಾದರೆ ಗಾತ್ರವನ್ನು ಗೊತ್ತುಮಾಡುವುದೆಂತು? ಪ್ರಶ್ನೆಗಳು ಎರಡಿವೆಯೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು: ಒಟ್ಟು ಎಷ್ಟು ಉರಿ ಬೇಕು, ಮತ್ತು ಒಂದು ಗಂಟೆಯಲ್ಲಿ ಎಷ್ಟು ಉರಿ ಬೇಕು. ಮೊದಲನೆಯದು ಸುಲಭವಾದ ಗಣಿತ. ಬಯಲಿನ ಗಾಳಿಯಲ್ಲಿ ಭಟ್ಟಿಯ ಉರಿಯಲ್ಲಿ ನೂರಕ್ಕೆ ನಲವತ್ತು ಪಾಲು ಪಾತ್ರೆಗೆ ಸೇರಿತೆಂದು ಹಿಡಿಯೋಣ. ಕಿಲೋ ಗ್ಯಾಸಿನಿಂದ 4,400 ಕಿಲೋಕ್ಯಾಲೊರಿ ದಕ್ಕಿತು. ಹತ್ತು ಲೀಟರು ನೀರನ್ನು 20 ಡಿಗ್ರಿಯಿಂದ ಕುದಿಗೆ ತರಲು 800 ಬೇಕು. ನಲವತ್ತು ಜನರ ಏಳು ಲೀಟರು ಚಹ, ಕುದಿಸುವ ಹೊತ್ತೂ ಸೇರಿ, ಒಂದು ಸಲಕ್ಕೆ 200 ಗ್ರಾಮು ಗ್ಯಾಸನ್ನು ಕುಡಿಯುತ್ತದೆ. ನಾಲ್ಕು ಕಿಲೋ ಅಕ್ಕಿಯ ಅನ್ನಕ್ಕೂ ಅದರ ಸಾರಿಗೂ ಕೂಡಿ 800 ಗ್ರಾಮು, ದಿನಕ್ಕೆ ಎರಡು ಹೊತ್ತು. ರೊಟ್ಟಿಯ ಲೆಕ್ಕ ಬೇರೆ: ನೂರಿಪ್ಪತ್ತು ರೊಟ್ಟಿ, ಒಂದೊಂದು ಎರಡು ನಿಮಿಷ ಹಂಚಿನ ಮೇಲೆ ಇದ್ದರೆ ನಾಲ್ಕು ಗಂಟೆಯ ಉರಿಯಾಯಿತು; ಗಂಟೆಗೆ ಕಾಲು ಕಿಲೋದಂತೆ ಒಂದು ಕಿಲೋ. ಎಲ್ಲ ಕೂಡಿಸಿದರೆ ದಿನಕ್ಕೆ ಮೂರು ಕಿಲೋ. ಅತನೂರಿನಿಂದ ಪಂಢರಪುರಕ್ಕೆ ಆರೇಳು ದಿನದ ನಡಿಗೆಗೆ ಹತ್ತೊಂಬತ್ತು ಕಿಲೋದ ಒಂದು ಸಿಲಿಂಡರು ಅಂಚಿಗೆ ಅಂಚು ಸಾಕು. ನಮ್ಮವರು ಒಂದನ್ನೇ ತಂದದ್ದು ಇದೇ ಲೆಕ್ಕದಿಂದ. ಲೆಕ್ಕ ಸುಳ್ಳೂ ಅಲ್ಲ.

ಸುಳ್ಳಾದದ್ದು ಎರಡನೆಯದು. ದಿಂಡಿಯ ಅಡುಗೆ ದಿನವಿಡೀ ಹಂಚಿಕೊಂಡು ನಡೆಯುವಂಥದಲ್ಲ. ಸೂರ್ಯೋದಯಕ್ಕೆ ಮೊದಲಿನ ಎರಡು ಗಂಟೆಗಳಲ್ಲಿ, ಅಂದರೆ ದಿನದ ಅತ್ಯಂತ ತಣ್ಣನೆಯ ಹೊತ್ತಿನಲ್ಲಿ, ಚಹ, ಸುಸಲಾ, ಮಧ್ಯಾಹ್ನದ ರೊಟ್ಟಿ, ಅನ್ನ ಎಲ್ಲವೂ ಒಟ್ಟೊಟ್ಟಿಗೆ ಆಗಬೇಕು. ಆ ಹೊತ್ತಿನಲ್ಲಿ ಗಂಟೆಗೆ ಒಂದು ಕಿಲೋ ಮೀರಿ ಗ್ಯಾಸು ಎಳೆಯಬೇಕಾಗುತ್ತದೆ, ಸಿಲಿಂಡರಿಗೆ ಅದರ ಅರ್ಧವೂ ಹುಟ್ಟುವುದಿಲ್ಲ. ಇದೇ ನಲವತ್ತು ಜನ, ಇದೇ ಟ್ರಾಲಿ, ಯುಗಾದಿಗೆ ಶ್ರೀಶೈಲದ ಮಲ್ಲಯ್ಯನಿಗೆ ಹೊರಟಿದ್ದರೆ, ನಡುಹಗಲಿನಲ್ಲಿ ಗಾಳಿ ನಲವತ್ತು ಡಿಗ್ರಿ ಮುಟ್ಟುವ ಆ ದಿನಗಳಲ್ಲಿ, ಇದೇ ಒಂದು ಸಿಲಿಂಡರು ತಳ ಬಳಿಯುವವರೆಗೆ ನೆಟ್ಟಗೆ ಉರಿಯುತ್ತಿತ್ತು. ಆಗಿನ ಚಿಂತೆ ತದ್ವಿರುದ್ಧ: ಮೂವತ್ತು ಡಿಗ್ರಿ ಏರಿದರೆ ಈ ದ್ರವ ನೂರಕ್ಕೆ ಎಂಟರಷ್ಟು ಹಿಗ್ಗುತ್ತದೆ. ಸಿಲಿಂಡರಿನ ಹೊಟ್ಟೆಯಲ್ಲಿ ಐದನೆಯ ಒಂದು ಪಾಲನ್ನು ಖಾಲಿ ಬಿಟ್ಟು ತುಂಬುವುದು ಈ ಹಿಗ್ಗಿಗಾಗಿಯೇ. ತೂಕ ಕಡಮೆಯೆಂದು ಗೊಣಗುವವರು ಆ ಖಾಲಿಯನ್ನು ಪ್ರಾಣದ ಬೆಲೆಯೆಂದು ತಿಳಿಯತಕ್ಕದ್ದು.

ಆದ್ದರಿಂದ ಚಳಿಗಾಲದ ದಿಂಡಿಗೆ ನನ್ನ ಉತ್ತರ ದೊಡ್ಡ ಸಿಲಿಂಡರಲ್ಲ, ಎರಡು ಸಿಲಿಂಡರು. ಒಂದು 47.5 ಕಿಲೋ ಸಿಲಿಂಡರನ್ನು ಟ್ರಾಲಿಗೆ ಏರಿಸಿ ಇಳಿಸಲು ಮೂವರು ಗಟ್ಟಿ ಆಳು ಬೇಕು. ಎರಡು 19 ಕಿಲೋ ಸಿಲಿಂಡರುಗಳನ್ನು ಒಂದೊಂದಾಗಿ ಇಬ್ಬರು ಎತ್ತಬಲ್ಲರು, ಒದ್ದೆ ಗೋಡೆಯೂ ಇಮ್ಮಡಿಯಾಗುತ್ತದೆ. ಎರಡನ್ನೂ ಒಂದೇ ನಳಿಗೆಗೆ ಜೋಡಿಸುವುದು ಅದಕ್ಕೆಂದೇ ತಯಾರಾದ ಸಾಮಗ್ರಿಯಿಂದ ಬಲ್ಲವರು ಮಾಡಬೇಕಾದ ಕೆಲಸ, ಸೈಕಲ್ಲಿನ ಟ್ಯೂಬು ತಂತಿಗಳ ಕೆಲಸವಲ್ಲ. ಅದಕ್ಕಿಂತ ಸರಳವಾದ ದಾರಿ, ಒಂದೊಂದು ಭಟ್ಟಿಗೆ ಒಂದೊಂದು ಸಿಲಿಂಡರು. ಅಮೆರಿಕದ ಪಯಣದ ಮನೆಗಳ ಮೂತಿಯಲ್ಲಿಯೂ ಜೋಡಿ ಸಿಲಿಂಡರುಗಳನ್ನೇ ಕಾಣಬಹುದು, ಸಾಮಾನ್ಯವಾಗಿ ನಮ್ಮ 9 ಕಿಲೋ ಅಥವಾ 13.6 ಕಿಲೋಗೆ ಸಮನಾದವು; ಆದರೆ ಅವರು ಒಂದು ಮುಗಿದ ಮೇಲೆ ಇನ್ನೊಂದು ತಾನೇ ಆರಂಭವಾಗುವಂತೆ ಇಟ್ಟುಕೊಳ್ಳುವರು. ನಡುರಾತ್ರಿಯಲ್ಲಿ ಮನೆ ಕಾಯಿಸುವ ಉರಿ ನಂದಬಾರದೆಂಬುದು ಅವರ ಭಯ. ನಮ್ಮದು ಮುಂಜಾನೆಯ ಭಯ. ಆದಕಾರಣ ನಮಗೆ ಜೋಡಿ ಬೇಕಾದದ್ದು ಸರದಿಗಲ್ಲ, ಹೆಗಲಿಗೆ.

ಸಣ್ಣ ಸಂಸಾರದ ಮಾತು ಬೇರೆ. ನಾಲ್ಕೈದು ಜನ ಜೀಪಿನಲ್ಲಿ ಎರಡು ದಿನದ ಮಟ್ಟಿಗೆ ಹೋಗುವುದಾದರೆ 2013ರಿಂದ ಪೆಟ್ರೋಲು ಬಂಕುಗಳಲ್ಲಿ ದೊರೆಯತೊಡಗಿದ, ಈಗ ಛೋಟು ಎಂಬ ಮುದ್ದಿನ ಹೆಸರೂ ಪಡೆದಿರುವ 5 ಕಿಲೋ ಸಿಲಿಂಡರು ಸಾಕಾಗುತ್ತದೆ. ಒಂದೇ ಒಲೆಯ ಎಳೆತಕ್ಕೆ ಅದರ ಪುಟ್ಟ ಗೋಡೆಯೂ ಸಾಲುತ್ತದೆ. ಮನೆಯ 14.2 ಕಿಲೋ ಕೆಂಪು ಸಿಲಿಂಡರನ್ನು ಎತ್ತಿ ಟ್ರಾಲಿಗೆ ಹಾಕುವ ವಾಡಿಕೆಯನ್ನು ಮಾತ್ರ ಮೆಚ್ಚಲಾರೆ. ಅದು ಮನೆಯೊಲೆಗೆಂದು ಕೊಟ್ಟದ್ದು, ಕಾಯಿದೆಯೂ ಅದನ್ನೇ ಹೇಳುತ್ತದೆ.

ಟ್ರಾಲಿಯೊಳಗೆ ಇಡುವ ಸ್ಥಳದ ಬಗ್ಗೆ ಒಂದು ಮಾತು. ಪ್ರೊಪೇನು ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನು ಎರಡು ಪಟ್ಟು ಭಾರ. ಸೋರಿದರೆ ಹೊಗೆಯಂತೆ ಮೇಲೇರದೆ ನೀರಿನಂತೆ ತಳದಲ್ಲಿ ನಿಲ್ಲುತ್ತದೆ. ನಾಲ್ಕು ಕಡೆ ತಗಡಿನ ಗೋಡೆಯುಳ್ಳ ಟ್ರಾಲಿಯೆಂದರೆ ಅದಕ್ಕೆ ಕಟ್ಟಿಕೊಟ್ಟ ಹೊಂಡ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಒಂದು ಕಿಡಿ ಸಾಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಬಿಗಿದು, ಹಿಂಬದಿಯ ಬಾಗಿಲನ್ನು ತೆರೆದಿಟ್ಟು, ಅಡುಗೆಯನ್ನು ನೆಲದ ಮೇಲೆಯೇ ಮಾಡತಕ್ಕದ್ದು. ತಾಡಪತ್ರಿಯೊಳಗೆ ಜನ ಮಲಗಿದ್ದಾಗ ಒಲೆ ಹಚ್ಚುವುದು ಯಾವ ದೇವರೂ ಕ್ಷಮಿಸದ ಸಾಹಸ. ಸ್ವತಃ ವಾಸನೆಯಿಲ್ಲದ ಈ ಅನಿಲಕ್ಕೆ ಕೊಳೆತ ನಾತದ ಮರ್‌ಕ್ಯಾಪ್ಟನ್ನನ್ನು ಬೆರೆಸಿರುವುದು ಮೂಗು ಎಚ್ಚರವಾಗಿರಲೆಂದೇ.

ಕೊಳ್ಳುವಾಗ ಸಿಲಿಂಡರಿನ ಕೊರಳ ಸುತ್ತಲಿನ ಪಟ್ಟಿಗಳನ್ನು ಓದಬೇಕು. ಅಲ್ಲಿ ಬರೆದ ಎ, ಬಿ, ಸಿ, ಡಿ ಅಕ್ಷರಗಳು ವರ್ಷದ ನಾಲ್ಕು ತ್ರೈಮಾಸಿಕಗಳು, ಪಕ್ಕದ ಅಂಕಿ ವರ್ಷ. ಆ ಅವಧಿಯೊಳಗೆ ಅದನ್ನು ಮರುಪರೀಕ್ಷೆಗೆ ಕಳಿಸಬೇಕೆಂದು ಅರ್ಥ. ಇನ್ನೊಂದು ಅಂಕಿ ಬರಿಯ ಸಿಲಿಂಡರಿನ ತೂಕ. ಒಳಗೆ ಎಷ್ಟು ಉಳಿದಿದೆಯೆಂದು ತಿಳಿಯಲು ಒತ್ತಡದ ಮಾಪಕ ನಿಷ್ಪ್ರಯೋಜಕ, ಏಕೆಂದರೆ ಕೊನೆಯ ಬೊಗಸೆ ದ್ರವ ಇರುವವರೆಗೂ ಒತ್ತಡ ದ್ರವದ ಬಿಸುಪನ್ನು ಹೇಳುತ್ತದೆಯೇ ಹೊರತು ಅದರ ಮೊತ್ತವನ್ನಲ್ಲ. ತೂಗಿ ನೋಡುವುದೊಂದೇ ದಾರಿ. ತೊಗರಿ ಮಾರುವಾಗ ಅಡತಿಯವನು ಚೀಲದ ತೂಕವನ್ನು ಮುರಿದುಕೊಳ್ಳುವುದನ್ನು ನೂರು ಸಲ ನೋಡಿದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುವರ್ಷದ ದಿಂಡಿಗೆ ಎರಡು ಸಿಲಿಂಡರುಗಳು ಹೋದವು. ಮುಂಜಾವಿನಲ್ಲಿ ಎರಡಕ್ಕೂ ಒಂದೇ ಎತ್ತರದಲ್ಲಿ ಬೆವರಿನ ಗೆರೆ ಮೂಡುತ್ತಿತ್ತು, ಬಿಳಿಯ ಪುಡಿ ಮಾತ್ರ ಏಳನೆಯ ದಿನವೂ ಕಾಣಲಿಲ್ಲ. ತಿರುಗಿ ಬಂದ ಮೇಲೆ ಕಾಟಾದ ಮೇಲಿಟ್ಟು ತೂಗಿಸಿದೆ. ಮೂವತ್ತೆಂಟು ಕಿಲೋದಲ್ಲಿ ಇಪ್ಪತ್ತೊಂದು ಕಳೆದು ಹದಿನೇಳು ಉಳಿದಿರಬೇಕೆಂದು ನನ್ನ ಗಣಿತ. ಕಾಟಾ ತೋರಿಸಿದ್ದು ಹದಿನಾಲ್ಕು. ಮೂರು ಕಿಲೋ ಎಲ್ಲಿಗೆ ಹೋಯಿತೆಂದು ನಳಿಗೆಗೆ ಸಾಬೂನಿನ ನೀರು ಹಚ್ಚಿ ಸೋರಿಕೆ ಹುಡುಕತೊಡಗಿದವನನ್ನು ನೋಡಿ ಅಡುಗೆಯಾತ ನಕ್ಕ.

"ದಿನಕ್ಕ ಚಾ ಎಷ್ಟು ಸಲ ಹಿಡದೀರಿ ಲೆಕ್ಕದಾಗ?"

"ಎರಡು."

"ಮಂದಿ ಕುಡದದ್ದು ನಾಕ್ ಸಲರೀ ಮಾವುಲಿ" ಎಂದು ಹೇಳಿ, ಐದನೆಯದಕ್ಕೆ ನೀರು ಇಟ್ಟ.